ಮುಚ್ಚಿಟ್ಟ ಒಪ್ಪಂದ, ತಪ್ಪಿದ ಪಾಠ: ಕ್ಯೂಬಾ ಬಿಕ್ಕಟ್ಟಿನಿಂದ ವಿಯೆಟ್ನಾಂ ಯುದ್ಧದವರೆಗೆ

1962ರ ಅಕ್ಟೋಬರಿನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಮುಗಿದದ್ದು ಹೇಗೆ ಎಂದು ಕೇಳಿದರೆ ಅಮೆರಿಕದಲ್ಲಿ ಸುಮಾರು ಕಾಲು ಶತಮಾನ ಒಂದೇ ಉತ್ತರ ಸಿಗುತ್ತಿತ್ತು: ಅಧ್ಯಕ್ಷ ಜಾನ್ ಎಫ್. ಕೆನಡಿ ಬಗ್ಗದೆ ನಿಂತರು, ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಹಿಂದೆ ಸರಿದರು. ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲವೆಂಬ ಮಾತೊಂದನ್ನು ಬಿಟ್ಟರೆ ಅಮೆರಿಕ ಏನನ್ನೂ ಕೊಡಲಿಲ್ಲ ಎಂದೇ ಎಲ್ಲರೂ ನಂಬಿದ್ದರು. ಈಗ ನಮ್ಮ ಮುಂದಿರುವ ಧ್ವನಿಮುದ್ರಣಗಳು, ರಾಯಭಾರಿಗಳ ತಂತಿವರದಿಗಳು ಮತ್ತು ಆ ಕಾಲದ ಅಧಿಕಾರಿಗಳ ತಡವಾದ ಹೇಳಿಕೆಗಳು ಬೇರೆಯೇ ಚಿತ್ರವನ್ನು ಕೊಡುತ್ತವೆ. ಟರ್ಕಿಯಲ್ಲಿ ಇರಿಸಿದ್ದ ತನ್ನ 15 ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕ ಗುಟ್ಟಾಗಿ ಒಪ್ಪಿಕೊಂಡಿತ್ತು. ಈ ಸಂಗತಿ ಇಂದು ಹೊಸದಲ್ಲ. ಅದನ್ನು ಮುಚ್ಚಿಟ್ಟದ್ದರ ಪರಿಣಾಮವನ್ನು ಮಾತ್ರ ನಾವಿನ್ನೂ ಸರಿಯಾಗಿ ಅಳೆದಿಲ್ಲ. ಕೆನಡಿಯವರ ವಿವೇಕ ಕೊಟ್ಟುತೆಗೆದುಕೊಳ್ಳುವುದರಲ್ಲಿತ್ತು. ಅವರ ಉತ್ತರಾಧಿಕಾರಿಗೆ ದಾಟಿಬಂದದ್ದು ಬಿಗಿಪಟ್ಟಿನ ಪಾಠ. ಈ ಅಂತರವೇ 1964–65ರ ವಿಯೆಟ್ನಾಂ ನಿರ್ಧಾರಗಳ ಚರ್ಚೆಯನ್ನು ಕಿರಿದಾಗಿಸಿತು ಎಂಬುದು ಇಲ್ಲಿಯ ವಾದ.

ಅಕ್ಟೋಬರ್ 27ರ ಶನಿವಾರವನ್ನು ತುಸು ಹತ್ತಿರದಿಂದ ನೋಡಬೇಕು. ಟರ್ಕಿಯ ಕ್ಷಿಪಣಿಗಳನ್ನೂ ತೆಗೆಯಬೇಕೆಂಬ ಕ್ರುಶ್ಚೇವರ ಬೇಡಿಕೆ ಅಂದು ಬೆಳಿಗ್ಗೆ ಮಾಸ್ಕೋ ರೇಡಿಯೋದಲ್ಲಿ ಬಹಿರಂಗವಾಗಿಯೇ ಪ್ರಸಾರವಾಯಿತು. ಶ್ವೇತಭವನದ ಸಭಾಕೊಠಡಿಯಲ್ಲಿ ಸಲಹೆಗಾರರಲ್ಲಿ ಬಹುಪಾಲು ಮಂದಿ ಇದನ್ನು ವಿರೋಧಿಸಿದರು: ಮಿತ್ರರಾಷ್ಟ್ರವೊಂದರ ರಕ್ಷಣೆಯನ್ನು ಮಾರಿಕೊಂಡಂತಾಗುತ್ತದೆ, ನ್ಯಾಟೋ ಒಕ್ಕೂಟದ ವಿಶ್ವಾಸ ಕುಸಿಯುತ್ತದೆ ಎಂದರು. ಕೆನಡಿಯವರೇ ಗುಟ್ಟಾಗಿ ಮಾಡಿಸುತ್ತಿದ್ದ ಧ್ವನಿಮುದ್ರಣದಲ್ಲಿ ಅವರು ಮತ್ತೆಮತ್ತೆ ಇದಕ್ಕೆ ಎದುರಾಗಿ ಮಾತಾಡುವುದು ಕೇಳಿಸುತ್ತದೆ. ವಿವೇಕವುಳ್ಳ ಯಾರಿಗಾದರೂ ಇದು ನ್ಯಾಯವಾದ ವಿನಿಮಯವಾಗಿಯೇ ಕಾಣುತ್ತದೆ, ಇದನ್ನು ತಳ್ಳಿಹಾಕಿ ಯುದ್ಧಕ್ಕೆ ಹೋದರೆ ಜಗತ್ತು ಒಪ್ಪುವುದಿಲ್ಲ ಎಂಬುದು ಅವರ ನಿಲುವು. ಅದೇ ದಿನ ಕ್ಯೂಬಾದ ಮೇಲೆ ಯು-2 ಬೇಹುವಿಮಾನವೊಂದನ್ನು ಹೊಡೆದುರುಳಿಸಲಾಯಿತು, ಪೈಲಟ್ ರುಡಾಲ್ಫ್ ಆಂಡರ್ಸನ್ ಸತ್ತರು. ಸಂಜೆ ಕೆನಡಿ ಕೆಲವರನ್ನಷ್ಟೇ ತಮ್ಮ ಕಚೇರಿಗೆ ಕರೆದರು. ಅವರಲ್ಲಿ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್, ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ, ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ, ವಿದೇಶಾಂಗ ಇಲಾಖೆಯ ಜಾರ್ಜ್ ಬಾಲ್, ಅಧ್ಯಕ್ಷರ ಆಪ್ತ ಸಲಹೆಗಾರ ಥಿಯೋಡರ್ ಸೊರೆನ್ಸನ್ ಇದ್ದರು. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಅನತೋಲಿ ಡೊಬ್ರಿನಿನ್ ಅವರಿಗೆ ಬಾಯಿಮಾತಿನಲ್ಲಿ ಭರವಸೆ ಕೊಡಬೇಕು, ಅದು ಹೊರಬಿದ್ದರೆ ಒಪ್ಪಂದವೇ ಇಲ್ಲವೆಂದು ತಿಳಿಯಬೇಕು ಎಂದು ತೀರ್ಮಾನವಾಯಿತು. ಇಷ್ಟೂ ಸಾಲದೆ ಹೋದರೆ ವಿಶ್ವಸಂಸ್ಥೆಯ ಊ ಥಾಂಟ್ ಮೂಲಕ ಬಹಿರಂಗ ವಿನಿಮಯವನ್ನೇ ಮುಂದಿಡಿಸುವ ಏರ್ಪಾಡನ್ನೂ ಕೆನಡಿ ಮಾಡಿಟ್ಟಿದ್ದರೆಂದು ರಸ್ಕ್ 1987ರಲ್ಲಿ ತಿಳಿಸಿದರು.

ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಮಧ್ಯಾಹ್ನದ ಮುಕ್ತ ಚರ್ಚೆಯಲ್ಲಿದ್ದರು. ಸಂಜೆಯ ಸಭೆಗೆ ಅವರಿಗೆ ಕರೆ ಬರಲಿಲ್ಲ.

ಮುಂದಿನ ಕೆಲಸ ಗುರುತು ಅಳಿಸುವುದು. ರಾಬರ್ಟ್ ಭರವಸೆ ಕೊಟ್ಟ ಎರಡು ದಿನಗಳ ನಂತರ ಡೊಬ್ರಿನಿನ್ ಟರ್ಕಿಯ ವಿಷಯವನ್ನು ಬರಹದಲ್ಲಿ ಖಚಿತಪಡಿಸುವ ಕ್ರುಶ್ಚೇವರ ಪತ್ರವನ್ನು ತಂದುಕೊಟ್ಟರು. ಅಕ್ಟೋಬರ್ 30ರಂದು ರಾಬರ್ಟ್ ಕೆನಡಿ ಅದನ್ನು ಹಿಂದಿರುಗಿಸಿದರು. ಡೊಬ್ರಿನಿನ್ ಮಾಸ್ಕೋಗೆ ಕಳಿಸಿದ ವರದಿಯ ಪ್ರಕಾರ, ಇಂಥ ಕಾಗದ ಮುಂದೆಂದೋ ಎಲ್ಲೋ ಹೊರಬಂದು ತಮಗೆ ಕುತ್ತಾದೀತೆಂಬ ಆತಂಕ ರಾಬರ್ಟ್ ಅವರ ಮಾತಿನಲ್ಲಿತ್ತು. ಡೊಬ್ರಿನಿನ್ ಜೊತೆಗಿನ ಮಾತುಕತೆಯ ಬಗ್ಗೆ ಅವರು ರಸ್ಕ್ ಅವರಿಗೆ ಸಿದ್ಧಪಡಿಸಿದ ಟಿಪ್ಪಣಿಯಲ್ಲಿ, ನಾಲ್ಕೈದು ತಿಂಗಳು ಕಳೆದರೆ ಟರ್ಕಿಯ ವಿಷಯ ಸರಿಹೋಗುತ್ತದೆಂದು ತಾವು ಹೇಳಿದ್ದಾಗಿ ಬರೆದ ಭಾಗವನ್ನು ಗೆರೆಯೆಳೆದು ಹೊಡೆದುಹಾಕಲಾಗಿದೆ. ಆ ಒಂದು ಗೆರೆ, ಯಾವುದೇ ಆತ್ಮಕಥೆಗಿಂತ ಗಟ್ಟಿಯಾದ ಸಾಕ್ಷ್ಯ ಎಂದು ನಾನು ಭಾವಿಸುತ್ತೇನೆ. ರಾಬರ್ಟ್ ಅವರ ಮರಣಾನಂತರ 1969ರಲ್ಲಿ ಬಂದ ‘ಥರ್ಟೀನ್ ಡೇಸ್’ ಪುಸ್ತಕದಲ್ಲೂ ಒಪ್ಪಂದ ಸ್ಪಷ್ಟವಾಗಿ ಕಾಣುವುದಿಲ್ಲ. ಪುಸ್ತಕಕ್ಕೆ ಆಧಾರವಾದ ರಾಬರ್ಟ್ ಅವರ ಡೈರಿಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಸಂಪಾದಿಸುವಾಗ ತಾವೇ ತೆಗೆದದ್ದು ಎಂದು ಸೊರೆನ್ಸನ್ 1989ರ ಮಾಸ್ಕೋ ಸಮ್ಮೇಳನದಲ್ಲಿ ಒಪ್ಪಿಕೊಂಡರು.

ಮುಚ್ಚಿಟ್ಟ ಜಾಗ ಖಾಲಿ ಉಳಿಯಲಿಲ್ಲ, ಅಲ್ಲಿ ಇನ್ನೊಂದು ಕಥೆ ಬಂದು ಕೂತಿತು. 1962ರ ಡಿಸೆಂಬರಿನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಸ್ಟೂವರ್ಟ್ ಆಲ್ಸಪ್ ಮತ್ತು ಕೆನಡಿಯವರ ಗೆಳೆಯ ಚಾರ್ಲ್ಸ್ ಬಾರ್ಟ್‌ಲೆಟ್ ಬರೆದ ಲೇಖನ, ವಿಶ್ವಸಂಸ್ಥೆಯಲ್ಲಿದ್ದ ಅಡ್ಲೈ ಸ್ಟೀವನ್ಸನ್ ಅವರಿಗೆ ಇನ್ನೊಂದು ಮ್ಯೂನಿಕ್ (ಹಿಟ್ಲರನಿಗೆ ಮಣಿದ 1938ರ ಒಪ್ಪಂದದಂಥದ್ದು) ಬೇಕಾಗಿತ್ತೆಂಬ ಹೆಸರಿಲ್ಲದ ಅಧಿಕಾರಿಯೊಬ್ಬರ ಮಾತನ್ನು ಅಚ್ಚು ಹಾಕಿತು. ಸ್ಟೀವನ್ಸನ್ ಮಾಡಿದ ತಪ್ಪಾದರೂ ಏನು? ಟರ್ಕಿಯ ಕ್ಷಿಪಣಿಗಳನ್ನು ಮಾತುಕತೆಯಲ್ಲಿ ಬಿಟ್ಟುಕೊಡುವ ಯೋಚನೆ ಮಾಡಬೇಕೆಂದು ಅಕ್ಟೋಬರ್ 20ರಂದು ಹೇಳಿದ್ದು. ಗ್ವಾಂಟನಾಮೊ ನೆಲೆಯ ವಿಷಯದಲ್ಲಿ ಅವರು ಕೆನಡಿಗಿಂತ ಮುಂದೆ ಹೋಗಿದ್ದರು ನಿಜ; ಟರ್ಕಿಯ ವಿಷಯದಲ್ಲಿ ಅಧ್ಯಕ್ಷರು ಒಂದು ವಾರದ ಬಳಿಕ ಅದನ್ನೇ ಮಾಡಿದರು. ಸಲಹೆ ಕೊಟ್ಟವರು ಶರಣಾಗತಿಯ ಹಣೆಪಟ್ಟಿ ಹೊತ್ತರು, ಅದನ್ನು ಜಾರಿಗೆ ತಂದವರು ಗಟ್ಟಿತನದ ಕೀರ್ತಿ ಪಡೆದರು. 1938ರ ಮ್ಯೂನಿಕ್‌ನ ನೆರಳು ಅಮೆರಿಕದ ಅಧ್ಯಕ್ಷರ ಮೇಲೆ 1950ರಲ್ಲಿ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳಿಸಿದಾಗಿನಿಂದಲೇ ಬಿದ್ದಿತ್ತು, ಅದು ಕ್ಯೂಬಾದಲ್ಲಿ ಹುಟ್ಟಿದ್ದಲ್ಲ. ಆದರೆ ಆ ನೆರಳನ್ನು ಚದುರಿಸಬಲ್ಲ, ಎಲ್ಲರ ಕಣ್ಣಿಗೆ ಕಟ್ಟುವಂಥ ಉದಾಹರಣೆ ಒಂದಿದ್ದರೆ ಅದು ಕ್ಯೂಬಾ. ಅದನ್ನೂ ಮ್ಯೂನಿಕ್ ಪಾಠದ ಪರವಾಗಿಯೇ ಲೆಕ್ಕಕ್ಕೆ ಬರೆದುಕೊಳ್ಳಲಾಯಿತು.

ಜಾನ್ಸನ್ ಅಧ್ಯಕ್ಷರಾದ ಮೇಲೂ ಅವರಿಗೆ ಈ ಗುಟ್ಟನ್ನು ಹೇಳಲಿಲ್ಲವೆಂಬುದು ಇತಿಹಾಸಕಾರರಲ್ಲಿ ಬಹುಮಟ್ಟಿಗೆ ಒಪ್ಪಿತ. 1965ರ ಜುಲೈ 28ರಂದು ವಿಯೆಟ್ನಾಂನಲ್ಲಿರುವ ಸೇನೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಪ್ರಕಟಿಸುತ್ತ ಅವರು ನೆನೆದದ್ದು ಹಿಟ್ಲರ್ ಮತ್ತು ಮ್ಯೂನಿಕ್ ಅನ್ನು. ಇದಕ್ಕಿಂತ ನೇರವಾದ ಸಾಕ್ಷ್ಯ ಸೈರಸ್ ವಾನ್ಸ್ ಅವರದು. 1964ರಿಂದ ರಕ್ಷಣಾ ಇಲಾಖೆಯ ಉಪಕಾರ್ಯದರ್ಶಿಯಾಗಿದ್ದ ಅವರು, ಬಲವನ್ನು ಹಂತಹಂತವಾಗಿ, ಸಂಯಮದಿಂದ ಪ್ರಯೋಗಿಸಿದ್ದು ಕ್ಯೂಬಾದಲ್ಲಿ ಫಲಿಸಿದ್ದನ್ನು ಕಂಡಿದ್ದರಿಂದ ವಿಯೆಟ್ನಾಂನಲ್ಲೂ ಅದೇ ಫಲ ಸಿಕ್ಕೀತೆಂದು ನಂಬಿದ್ದೆವು ಎಂದು ಮುಂದೆ ಹೇಳಿದರು. ಶನಿವಾರ ಸಂಜೆಯ ಆ ಸಭೆಯಲ್ಲಿ ವಾನ್ಸ್ ಇರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಕ್ಯೂಬಾದ ಸುತ್ತಲಿನ ನೌಕಾದಿಗ್ಬಂಧನ ಮತ್ತು ಅದರ ಹಿಂದೆ ಜಮಾಯಿಸಿದ ಸೇನೆ. ಕೈಯಲ್ಲಿ ಹಿಡಿದದ್ದು ಪರೀಕ್ಷೆಯ ಅರ್ಧ ಫಲಿತಾಂಶ. ಅದರ ಮೇಲೆಯೇ 1965ರ ಮಾರ್ಚ್‌ನಲ್ಲಿ ಉತ್ತರ ವಿಯೆಟ್ನಾಂ ಮೇಲಿನ ಸತತ ಬಾಂಬ್ ದಾಳಿ ಶುರುವಾಯಿತು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಜುಪಿಟರ್‌ಗಳು ಹಳತಾಗಿದ್ದವು, ದ್ರವ ಇಂಧನದವು, ನೆಲದ ಮೇಲೆ ಬಯಲಾಗಿ ನಿಂತಂಥವು. ಹೇಗೂ ತೆಗೆಯಬೇಕಿದ್ದುದನ್ನು ತೆಗೆದದ್ದು ರಿಯಾಯಿತಿಯೇ ಅಲ್ಲ ಎನ್ನುವವರಿದ್ದಾರೆ. ಆದರೆ ವಿನಿಮಯದ ಬೆಲೆಯನ್ನು ಕಟ್ಟುವುದು ಆ ವಸ್ತುವಿನ ಸೇನಾ ಉಪಯೋಗವೊಂದೇ ಅಲ್ಲ. ಅಷ್ಟೊಂದು ಕ್ಷುಲ್ಲಕವಾಗಿದ್ದರೆ ಪತ್ರ ಹಿಂದಿರುಗಿಸಿ ಟಿಪ್ಪಣಿ ಹೊಡೆದುಹಾಕುವ ಅಗತ್ಯ ಬೀಳುತ್ತಿರಲಿಲ್ಲ. ಕೆನಡಿಯವರೇ ಧ್ವನಿಮುದ್ರಣದಲ್ಲಿ ಇದನ್ನು ವಿನಿಮಯವೆಂದೇ ಚರ್ಚಿಸುತ್ತಾರೆ. ಇನ್ನು, ನ್ಯಾಟೋ ಉಳಿಯಲು ಗುಟ್ಟು ಅನಿವಾರ್ಯವಾಗಿತ್ತೆಂಬ ಮಾತು. ಆ ರಾತ್ರಿಯ ಮಟ್ಟಿಗೆ ಇದನ್ನು ನಾನು ಒಪ್ಪುತ್ತೇನೆ. ಆದರೆ 1963ರ ಏಪ್ರಿಲ್ ಹೊತ್ತಿಗೆ ಕ್ಷಿಪಣಿಗಳನ್ನು ಕಳಚಿದ್ದಾಗಿತ್ತು, ಬದಲಿಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಪೊಲಾರಿಸ್ ಜಲಾಂತರ್ಗಾಮಿ ಬಂದಿತ್ತು. ಟರ್ಕಿಗೆ ಹೇಳಬಾರದ್ದನ್ನು ತಮ್ಮದೇ ಉಪಾಧ್ಯಕ್ಷರಿಗೂ ಹೇಳದಿರಲು ನ್ಯಾಟೋ ಕಾರಣವಾಗಲಾರದು.

ನಿಜವಾಗಿ ಕಾಡುವ ಆಕ್ಷೇಪ ಬೇರೆಯದು. ರಸ್ಕ್, ಮೆಕ್‌ನಮಾರ, ಬಂಡಿ ಮೂವರಿಗೂ ಎಲ್ಲ ಗೊತ್ತಿತ್ತು. 1965ರಲ್ಲಿ ಯುದ್ಧವನ್ನು ಹಿಗ್ಗಿಸಲು ಒತ್ತಾಯಿಸಿದವರೂ ಅವರೇ. ತಿಳಿವಳಿಕೆ ಇದ್ದವರೇ ಆ ದಾರಿ ಹಿಡಿದ ಮೇಲೆ ತಿಳಿಯದಿದ್ದವರ ಅಜ್ಞಾನಕ್ಕೆ ಎಷ್ಟು ತೂಕ ಕೊಡಬೇಕು? ಇದಕ್ಕೆ ಪೂರ್ಣ ಉತ್ತರ ಕೊಡಲಾಗದು. ಗುಟ್ಟು ರಟ್ಟಾಗಿದ್ದರೆ ಯುದ್ಧ ತಪ್ಪುತ್ತಿತ್ತೆಂದು ನಾನು ಹೇಳುತ್ತಲೂ ಇಲ್ಲ. ಹನೋಯ್ ಮಾಸ್ಕೋ ಅಲ್ಲ, ಚೀನಾ ಕಮ್ಯುನಿಸ್ಟರ ಪಾಲಾಗಲು ಟ್ರೂಮನ್ ಆಡಳಿತವೇ ಕಾರಣವೆಂಬ ಆರೋಪದ ನೆನಪೂ ಜಾನ್ಸನ್ ಅವರನ್ನು ಬಿಡದೆ ಹಿಂಬಾಲಿಸುತ್ತಿತ್ತು. ನನ್ನ ವಾದ ಇದಕ್ಕಿಂತ ಸೀಮಿತ. ಒಂದು ಸಂಗತಿ ಗೊತ್ತಿರುವುದು ಬೇರೆ, ಅದನ್ನು ಅಧ್ಯಕ್ಷರ ಮುಂದೆ ವಾದಕ್ಕೆ ಬಳಸಲು ಸಾಧ್ಯವಾಗುವುದು ಬೇರೆ. 1965ರ ಬೇಸಿಗೆಯಲ್ಲಿ ಯುದ್ಧವನ್ನು ವಿರೋಧಿಸಿದ ಜಾರ್ಜ್ ಬಾಲ್ ಕೂಡ ಗುಟ್ಟು ಬಲ್ಲವರೇ. ತಮ್ಮ ಹಿಂದಿನ ಅಧ್ಯಕ್ಷರು ಬಿಟ್ಟುಕೊಟ್ಟೇ ಗೆದ್ದರೆಂಬ ಪೂರ್ವನಿದರ್ಶನವನ್ನು ಮುಂದಿಡಬೇಕಾದರೆ ಬಾಲ್ ಕೊಟ್ಟ ಮಾತನ್ನು ಮುರಿಯಬೇಕಿತ್ತು. ಯುದ್ಧದ ಪರ ಇದ್ದವರಿಗೆ ಅಂಥ ತೊಡಕಿರಲಿಲ್ಲ, ಅವರ ಕೈಯಲ್ಲಿದ್ದ ಕ್ಯೂಬಾ ಎಲ್ಲರೂ ಬಲ್ಲ ಕ್ಯೂಬಾ. ಬಂಡಿಯವರೇ 1988ರ ತಮ್ಮ ಪುಸ್ತಕದಲ್ಲಿ, ಈ ಗೋಪ್ಯದಿಂದ ಸಹೋದ್ಯೋಗಿಗಳು, ದೇಶವಾಸಿಗಳು, ಉತ್ತರಾಧಿಕಾರಿಗಳು, ಮಿತ್ರರಾಷ್ಟ್ರಗಳು ಎಲ್ಲರೂ ತಪ್ಪು ನಂಬಿಕೆಗೆ ಒಳಗಾದರೆಂದು ಒಪ್ಪಿಕೊಂಡಿದ್ದಾರೆ. ಗುಟ್ಟನ್ನು ಕಾಪಾಡಿದವರಲ್ಲೇ ಒಬ್ಬರ ಮಾತಿದು.

ಈ ತಪ್ಪು ನಂಬಿಕೆ ಶ್ವೇತಭವನದ ಗೋಡೆಯೊಳಗೆ ನಿಲ್ಲಲಿಲ್ಲ. 1963ರ ಆರಂಭದಲ್ಲಿ ರಸ್ಕ್ ಸೆನೆಟ್‌ನ ವಿದೇಶಾಂಗ ಸಮಿತಿಯ ಮುಂದೆ, ಮೆಕ್‌ನಮಾರ ಪ್ರತಿನಿಧಿಸಭೆಯ ಸಮಿತಿಯ ಮುಂದೆ, ಟರ್ಕಿಯ ಬಗ್ಗೆ ಯಾವ ಒಪ್ಪಂದವೂ ಆಗಿಲ್ಲವೆಂದು ಹೇಳಿದರು. ಯುದ್ಧೋತ್ತರ ಅಧ್ಯಕ್ಷರ ವಿದೇಶಾಂಗ ಅಧಿಕಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1964ರಲ್ಲಿ ವಿಯೆಟ್ನಾಂ ಬಳಿಯ ಟಾನ್ಕಿನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಗಳ ಮೇಲೆ ನಡೆಯಿತೆನ್ನಲಾದ ದಾಳಿಯ ಸುಳ್ಳುಸಂಗತಿಗಳಿಂದ ಆರಂಭಿಸುತ್ತಾರೆ. ನನ್ನ ಎಣಿಕೆಯಲ್ಲಿ ಆ ಅಧ್ಯಾಯ ಶುರುವಾಗುವುದು ಹದಿನೆಂಟು ತಿಂಗಳು ಹಿಂದೆ, ಈ ಸಾಕ್ಷ್ಯಗಳಲ್ಲಿ. ಜಾನ್ಸನ್ ಅವರಿಗೆ ಆಗ್ನೇಯ ಏಷ್ಯಾದಲ್ಲಿ ಬಲಪ್ರಯೋಗದ ಮುಕ್ತ ಅಧಿಕಾರ ಕೊಟ್ಟ ಟಾನ್ಕಿನ್ ನಿರ್ಣಯ 1964ರ ಆಗಸ್ಟ್ 7ರಂದು ಪ್ರತಿನಿಧಿಸಭೆಯಲ್ಲಿ 416–0, ಸೆನೆಟ್‌ನಲ್ಲಿ 88–2 ಮತಗಳಿಂದ ಅಂಗೀಕಾರವಾಯಿತು. ಸೆನೆಟ್‌ನಲ್ಲಿ ಅದನ್ನು ಮುನ್ನಡೆಸಿದವರು ರಸ್ಕ್ ಸಾಕ್ಷ್ಯ ನುಡಿದ ಅದೇ ಸಮಿತಿಯ ಅಧ್ಯಕ್ಷ ವಿಲಿಯಂ ಫುಲ್‌ಬ್ರೈಟ್. 1962ರ ಅಕ್ಟೋಬರ್ 22ರಂದು ಕ್ಯೂಬಾದ ಮೇಲೆ ನೇರ ದಾಳಿಯೇ ಸರಿಯೆಂದು ಕೆನಡಿಗೆ ಹೇಳಿದ್ದ ಅವರು, 1966ರ ಹೊತ್ತಿಗೆ ಟೆಲಿವಿಷನ್ ಎದುರು ವಿಯೆಟ್ನಾಂ ವಿಚಾರಣೆ ನಡೆಸಿ ಜಾನ್ಸನ್ ಆಡಳಿತವನ್ನು ಪ್ರಶ್ನಿಸುತ್ತಿದ್ದರು. ಕ್ಯೂಬಾದ ಬಗ್ಗೆ ಆ ಸಮಿತಿಗೆ ಸಿಕ್ಕ ಉತ್ತರ ಆಗಲೂ ತಿದ್ದುಪಡಿಯಾಗದೆ ಕಡತದಲ್ಲೇ ಇತ್ತು.