ಒಂದೇ ನೆಲ, ಹಲವು ಹಕ್ಕಿ: ಆದಿಚುಂಚನಗಿರಿಯಿಂದ ರಂಗನತಿಟ್ಟಿನವರೆಗೆ

ಆದಿಚುಂಚನಗಿರಿ ಎಂದೊಡನೆ ನೆನಪಾಗುವುದು ಕಾಲಭೈರವೇಶ್ವರನ ಸನ್ನಿಧಿ ಮತ್ತು ಶ್ರೀಮಠ. ಆದರೆ ನಾಗಮಂಗಲ ತಾಲ್ಲೂಕಿನ ಈ ಬಂಡೆಬೆಟ್ಟಕ್ಕೆ ಮತ್ತೊಂದು ಗುರುತೂ ಉಂಟು. ಸುತ್ತಲಿನ ಕುರುಚಲು ಕಾಡನ್ನು 1981ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಜೀವಿಗಳ ನಡುವಿನ ಪೈಪೋಟಿಯನ್ನು ಅರಿಯಲು ಇಂಥ ಇಕ್ಕಟ್ಟಿನ ಜಾಗವೇ ಸೂಕ್ತ.

ಆಹಾರ, ನೀರು, ಬೆಳಕು, ಗೂಡಿನ ತಾಣ ಇವೆಲ್ಲ ಮಿತವಾಗಿರುವಾಗ ಸ್ಪರ್ಧೆ ಅನಿವಾರ್ಯ. ಅದು ಅತ್ಯಂತ ತೀವ್ರವಾಗಿರುವುದು ಹುಲಿ-ಜಿಂಕೆಗಳ ನಡುವೆಯಲ್ಲ. ಅದು ಬೇಟೆಯೇ ಹೊರತು ಸ್ಪರ್ಧೆಯಲ್ಲ. ಒಂದೇ ಜಾತಿಯ ಜೀವಿಗಳ ಬೇಕುಗಳೆಲ್ಲ ಒಂದೇ ಆದ್ದರಿಂದ ನವಿಲಿಗೆ ನವಿಲೇ ಮೊದಲ ಎದುರಾಳಿ. ಗಂಡು ನವಿಲುಗಳು ಕುಣಿಯುವ ನೆಲೆಗಾಗಿ ಪರಸ್ಪರ ಸೆಣಸುತ್ತವೆ. ಆಯ್ಕೆ ಮಾತ್ರ ಹೆಣ್ಣಿನದು. ಕೆಲವೇ ಗಂಡುಗಳಿಗೆ ಹೆಚ್ಚಿನ ಸಂಗಾತಿಗಳು ಒಲಿಯುತ್ತವೆ, ಉಳಿದವುಗಳ ನರ್ತನ ವ್ಯರ್ಥ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಗರಿಗಳೂ ಉದುರಿಹೋಗುತ್ತವೆ.

ಭಿನ್ನ ಜಾತಿಗಳ ಸ್ಪರ್ಧೆಯನ್ನು ಕಾಣಬೇಕಾದರೆ ಇದೇ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿಯಿರುವ ರಂಗನತಿಟ್ಟಿಗೆ ಹೋಗಬೇಕು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಈ ಕಾವೇರಿ ನಡುಗಡ್ಡೆಗಳು 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿವೆ. ಒಂದೇ ರೀತಿಯ ಆಹಾರವನ್ನು ಒಂದೇ ರೀತಿಯಲ್ಲಿ ಅವಲಂಬಿಸುವ ಎರಡು ಜಾತಿಗಳು ಬಹುಕಾಲ ಜೊತೆಗಿರಲಾರವು ಎಂಬುದನ್ನು ರಷ್ಯಾದ ವಿಜ್ಞಾನಿ ಗೌಸ್ 1934ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸೂಕ್ಷ್ಮಜೀವಿಗಳ ಪ್ರಯೋಗದಿಂದ ತೋರಿಸಿದ್ದರು. ಹಾಗಾದರೆ ಇಲ್ಲಿ ಇಷ್ಟೊಂದು ಜಾತಿಗಳು ಹೇಗೆ ಬಾಳುತ್ತವೆ? ಉತ್ತರ ಕೊಕ್ಕಿನಲ್ಲಿದೆ. ಬಾಯ್ಕಳಕ ಕೊಕ್ಕರೆ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುತ್ತದೆ. ಚಮಚದ ಕೊಕ್ಕಿನ ಹಕ್ಕಿ ಆಳವಿಲ್ಲದ ನೀರನ್ನು ಅತ್ತಿತ್ತ ಸವರುತ್ತದೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ಮೀನಿನ ಸ್ಪರ್ಶಕ್ಕಾಗಿ ಕಾಯುತ್ತದೆ. ನೀರುಕಾಗೆ ಮುಳುಗಿ ಅಟ್ಟಿಸಿಕೊಂಡು ಹೋಗುತ್ತದೆ. ಇರುಳು ಬಕವಂತೂ ಉಳಿದವು ಮಲಗಿದ ಮೇಲೆಯೇ ಕೆಲಸಕ್ಕೆ ಹೊರಡುತ್ತದೆ!

ಊಟದಲ್ಲಿ ಸಾಧ್ಯವಾದ ಈ ಹೊಂದಾಣಿಕೆ ಗೂಡಿನ ವಿಷಯದಲ್ಲಿ ಅಷ್ಟು ಸುಲಭವಲ್ಲ. ನಡುಗಡ್ಡೆಯ ಮರಗಳು ಎಣಿಕೆಯವು. ಮೇಲಿನ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ಗೂಡುಗಳು ಕೊಚ್ಚಿಹೋಗುವ ಅಪಾಯವಿರುವುದರಿಂದ ಎತ್ತರದ ಕೊಂಬೆಗಿರುವ ಬೆಲೆಯೇ ಬೇರೆ.

ಗಿಡಗಳ ಪೈಪೋಟಿ ಸದ್ದಿಲ್ಲದ್ದು. ಅಮೆರಿಕ ಖಂಡದ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂತು. ಇಂದು ರಾಜ್ಯದ ಕಾಡುಗಳಲ್ಲಿ ಹುಲ್ಲಿಗೂ ಎಳೆಯ ಸಸಿಗಳಿಗೂ ಬೆಳಕು ಸಿಗದಂತೆ ಮಾಡಿದೆ. ಹಣ್ಣು ತಿಂದು ಅದರ ಬೀಜ ಹರಡುವವು ನಮ್ಮ ಹಕ್ಕಿಗಳೇ ಎಂಬುದು ವಿಪರ್ಯಾಸ.

ಈ ಸ್ಪರ್ಧೆಯಲ್ಲಿ ಮನುಷ್ಯನೂ ಪಾಲುದಾರ. ಧಾಮದ ಎಲ್ಲೆ ನವಿಲಿಗೆ ತಿಳಿಯದು. ಕಾಳು ಕಂಡ ಹೊಲಕ್ಕೆ ಅದು ಇಳಿಯುತ್ತದೆ. 1963ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪೂರ್ಣ ರಕ್ಷಣೆಯಿದೆ. ಆದ್ದರಿಂದ ಬಿತ್ತಿದ ಕಾಳನ್ನು ಹೆಕ್ಕುವ ಹಕ್ಕಿಯನ್ನು ರೈತ ಕೂಗಿ ಓಡಿಸಬಹುದು, ಅಷ್ಟೆ. ಮರುಗಳಿಗೆಯಲ್ಲಿ ಅದು ಪಕ್ಕದ ಹೊಲದಲ್ಲಿರುತ್ತದೆ.