ಕ್ವಿಜ್ ಬೌಲ್ ಮತ್ತು ಅದು ಬೆಳೆಸಿದ ಓದುಗ

ಅಮೆರಿಕದ ಶಾಲೆ-ಕಾಲೇಜುಗಳಲ್ಲಿ ‘ಕ್ವಿಜ್ ಬೌಲ್’ ಎಂಬ ಹೆಸರಿನಿಂದ ರೂಢಿಯಲ್ಲಿರುವ, ಸಾಮಾನ್ಯವಾಗಿ ನಾಲ್ಕು ಜನರ ಎರಡು ತಂಡಗಳು ಪಠ್ಯವಿಷಯಗಳ ಮೇಲೆ ಸೆಣಸುವ ರಸಪ್ರಶ್ನೆ ಸ್ಪರ್ಧೆಯು ಹುಟ್ಟಿದ್ದು ಬಾನುಲಿಯಲ್ಲಿ. ಡಾನ್ ರೀಡ್ ರೂಪಿಸಿದ ‘ಕಾಲೇಜ್ ಬೌಲ್’ 1953ರಲ್ಲಿ ಎನ್‌ಬಿಸಿ ರೇಡಿಯೊದಲ್ಲಿ ಆರಂಭವಾಗಿ, 1959ರಿಂದ 1970ರವರೆಗೆ ಟೆಲಿವಿಷನ್ನಿನಲ್ಲಿ ಮುಂದುವರಿಯಿತು. ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’ (1962) ಇದೇ ಮಾದರಿಯದು.

ಪ್ರೇಕ್ಷಕರ ರಂಜನೆಗಾಗಿ ಹುಟ್ಟಿದ ಪ್ರಶ್ನೆಗಳು ಸಹಜವಾಗಿಯೇ ಚಿಕ್ಕವಾಗಿದ್ದವು. ಉತ್ತರ ಎರಡೂ ತಂಡಗಳಿಗೆ ಗೊತ್ತಿದ್ದಲ್ಲಿ ಬಜರ್ ಗುಂಡಿಯನ್ನು ಮೊದಲು ಒತ್ತುವ ಬೆರಳಿನ ಚುರುಕುತನವೇ ಗೆಲುವನ್ನು ನಿರ್ಧರಿಸುತ್ತಿತ್ತು. ಇದರಿಂದ ಬೇಸತ್ತ ಕಾಲೇಜು ಆಟಗಾರರೇ 1990ರ ದಶಕದಲ್ಲಿ ಎಸಿಎಫ್, ಎನ್‌ಎಕ್ಯೂಟಿ ಮುಂತಾದ ಸಂಸ್ಥೆಗಳನ್ನು ಕಟ್ಟಿ, ‘ಪಿರಮಿಡ್ ಪ್ರಶ್ನೆ’ ಎಂಬ ರಚನೆಯನ್ನು ನೆಲೆಗೊಳಿಸಿದರು. ಹಲವು ವಾಕ್ಯಗಳ ಈ ಪ್ರಶ್ನೆಯಲ್ಲಿ ಅತಿ ಕಠಿಣ ಸುಳಿವು ಮೊದಲು, ಅತಿ ಸುಲಭವಾದದ್ದು ಕೊನೆಗೆ ಬರುತ್ತದೆ. ಪ್ರಶ್ನೆಯನ್ನು ಓದಿ ಹೇಳುತ್ತಿರುವ ನಡುವೆಯೇ ಆಟಗಾರನು ಬಜರ್ ಒತ್ತಬಹುದು.

ಸಿ.ವಿ. ರಾಮನ್ ಉತ್ತರವಾಗಿರುವ ಪ್ರಶ್ನೆಯೊಂದನ್ನು ಈ ಕ್ರಮದಲ್ಲಿ ಬರೆಯುವುದಾದರೆ, ಮೃದಂಗದ ನಾದದಲ್ಲಿನ ಸ್ವರಾನುಗುಣ ಕಂಪನಗಳ ಕುರಿತ ಅವರ ಅಧ್ಯಯನ ಮೊದಲು ಬರುತ್ತದೆ, ಅನಂತರ 1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ನೀರಿನ ನೀಲಿಯ ಬಗ್ಗೆ ಮೂಡಿದ ಜಿಜ್ಞಾಸೆ, ಆಮೇಲೆ ಬೆಂಗಳೂರಿನಲ್ಲಿ ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ, ಕಟ್ಟಕಡೆಗೆ 1930ರ ನೊಬೆಲ್ ಪ್ರಶಸ್ತಿ. ಪ್ರಶಸ್ತಿಯ ವರ್ಷವನ್ನಷ್ಟೇ ಉರುಹೊಡೆದವನು ಕೊನೆಯ ಸಾಲಿಗಾಗಿ ಕಾಯಬೇಕು. ಮೃದಂಗದ ಆ ಅಧ್ಯಯನವನ್ನು ಓದಿದವನು ಮೊದಲ ಸಾಲಿನಲ್ಲೇ ಗೆಲ್ಲುತ್ತಾನೆ. ಈ ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇಲ್ಲ.

ಆಟಗಾರನ ವಿದ್ಯಾರ್ಥಿಜೀವನವೂ ಈ ರಚನೆಗೆ ತಕ್ಕಂತೆ ರೂಪುಗೊಂಡಿತು. ಮೊದಲು ಗುಂಡಿ ಒತ್ತಿ ಸರಿಯುತ್ತರ ನೀಡಿದವನ ತಂಡಕ್ಕೆ 10 ಅಂಕ ದೊರೆತು, ಜೊತೆಗೆ ತಲಾ 10 ಅಂಕಗಳ ಮೂರು ಭಾಗದ ‘ಬೋನಸ್’ ಪ್ರಶ್ನೆಯನ್ನು ತಂಡದವರು ಚರ್ಚಿಸಿ ಬಿಡಿಸುವುದರಿಂದ, ಒಬ್ಬನು ಸಾಹಿತ್ಯವನ್ನು, ಮತ್ತೊಬ್ಬನು ವಿಜ್ಞಾನವನ್ನು, ಇನ್ನೊಬ್ಬನು ಇತಿಹಾಸವನ್ನು ಹಂಚಿಕೊಂಡು ಓದುವ ಪದ್ಧತಿ ಬೆಳೆಯಿತು. ಪ್ರೌಢಶಾಲೆಯಲ್ಲಿ ಹಳೆಯ ಪ್ರಶ್ನೆಗಳಿಂದ ಅಭ್ಯಾಸ ಆರಂಭಿಸಿದವನು ಕಾಲೇಜಿಗೆ ಬಂದಾಗ ಸ್ವತಃ ಪ್ರಶ್ನೆಗಳನ್ನು ಬರೆಯತೊಡಗುತ್ತಾನೆ. ಭಾಗವಹಿಸುವ ತಂಡಗಳೇ ಪ್ರಶ್ನೆಗಳ ಕಟ್ಟನ್ನು ಬರೆದು ಒಪ್ಪಿಸುವ ಸಂಪ್ರದಾಯವೂ ಕೆಲವು ಪಂದ್ಯಾವಳಿಗಳಲ್ಲಿದೆ. ಪ್ರಶ್ನೆ ಬರೆಯಲು ಮೂಲಗ್ರಂಥಗಳಿಗೇ ಹೋಗಬೇಕಾದ್ದರಿಂದ, ಪದಕಗಳಿಗಿಂತ ಈ ಬರವಣಿಗೆಯೇ ಆಟಗಾರನ ನಿಜವಾದ ಗಳಿಕೆ ಎನ್ನಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಆಡಲು ಅವಕಾಶವಿರುವುದರಿಂದ ಕೆಲವರು ದಶಕಕ್ಕೂ ಹೆಚ್ಚು ಕಾಲ ಕಣದಲ್ಲಿರುತ್ತಾರೆ.

ಇನ್ನು ನಮ್ಮ ನಾಡಿನ ಕ್ವಿಜ್ ವಿಷಯಕ್ಕೆ ಬಂದರೆ, 1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಳೆಸಿದ ಪರಂಪರೆ ಬೇರೆ ಬಗೆಯದು. ಸುಳಿವುಗಳಿಂದ ಉತ್ತರವನ್ನು ತರ್ಕಿಸಿ ತಲುಪುವುದು ಅಲ್ಲಿ ಮುಖ್ಯ. ಆದರೆ ಪಠ್ಯವನ್ನು ಆಳವಾಗಿ ಓದಿಸುವ ಪಿರಮಿಡ್ ಕ್ರಮಕ್ಕೆ ಪ್ರಶ್ನೆಗಳನ್ನು ಓದಿ ಹೇಳುವ ಒಬ್ಬರು, ಕೆಲವು ಗುಂಡಿಗಳು, ಎಚ್ಚರದಿಂದ ಬರೆದ ಪ್ರಶ್ನೆಗಳಷ್ಟೇ ಸಾಕು. ಕನ್ನಡ ಶಾಲೆಗಳ ಅಧ್ಯಾಪಕರು ಪಂಪನಿಂದ ರಾಮನ್‌ವರೆಗೆ ಇಂಥ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಬರೆದು, ವಿದ್ಯಾರ್ಥಿಗಳಿಂದಲೂ ಬರೆಸಬೇಕು.