ಗಾಲ್ಫ್ ಕೋರ್ಸ್ ವಿನ್ಯಾಸ: ಚಲ್ಲಘಟ್ಟದ ಕೆರೆಯಂಗಳದಲ್ಲಿ ಚಾಂಪಿಯನ್‌ಷಿಪ್

ಬೆಂಗಳೂರಿನ ಪುಲಿಕೇಶಿನಗರದಿಂದ ಹಲಸೂರು, ದೊಮ್ಮಲೂರು ದಾಟಿ ಹಳೆ ವಿಮಾನ ನಿಲ್ದಾಣ ರಸ್ತೆಗೆ ಬಂದರೆ, ಆಸ್ಪತ್ರೆ, ಹೋಟೆಲು, ಕಚೇರಿ ಗೋಪುರಗಳ ಬೆನ್ನಿಗೆ ಹಸಿರು ತಗ್ಗೊಂದು ಹರಡಿಕೊಂಡಿದೆ. ಅದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ (ಕೆಜಿಎ) 18 ಹೋಲ್‌ಗಳ ಕೋರ್ಸ್. ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆಯಿದ್ದ ಜಾಗ. (ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣವಾದ ಚಲ್ಲಘಟ್ಟ ಬೇರೆ, ಅದು ಮೈಸೂರು ರಸ್ತೆಯ ಕಡೆಗಿದೆ.) ದೊಡ್ಡ ಪಂದ್ಯಾವಳಿಗೆ ಅಂಗಳ ಕಟ್ಟುವುದೆಂದರೇನು, ಅದು ಎಲ್ಲಿ ಇಕ್ಕಟ್ಟಿಗೆ ಸಿಲುಕುತ್ತದೆ ಎಂಬುದನ್ನು ತಿಳಿಯಲು ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ದಂಡು ಪ್ರದೇಶದ ಬ್ರಿಟಿಷರು 1876ರಲ್ಲೇ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭಿಸಿದ್ದರು. ಹೈಗ್ರೌಂಡ್ಸ್‌ನ ಆ ಕೋರ್ಸ್ ಹಳೆಯದು, ಚೆಲುವಾದದ್ದು, ಆದರೆ ಕಿರಿದು. ನಗರಕ್ಕೆ ಪೂರ್ಣ ಉದ್ದದ ಅಂಗಳ ಸಿಕ್ಕಿದ್ದು 1980ರ ದಶಕದಲ್ಲಿ, ಚಲ್ಲಘಟ್ಟದಲ್ಲಿ. ಅದರ ವಿನ್ಯಾಸದ ಹಿಂದೆ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಇದ್ದರು. ಬ್ರಿಟಿಷ್ ಓಪನ್ ಅನ್ನು ಐದು ಬಾರಿ ಗೆದ್ದ ಥಾಮ್ಸನ್ 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಕಾರಣರಾದವರು. ಮೊದಲ ವರ್ಷದ ಪ್ರಶಸ್ತಿಯೂ ಅವರದೇ. ಬಿಡದಿಯ ಈಗಲ್ಟನ್ ಕೋರ್ಸ್ ಕೂಡ ಅವರ ಸಂಸ್ಥೆಯ ಕೈಕೆಲಸ.

ವಿನ್ಯಾಸಕಾರನ ಮೊದಲ ಲೆಕ್ಕ ಉದ್ದದ್ದು. ಪಂದ್ಯಾವಳಿಯ ಕೋರ್ಸ್ ಸಾಮಾನ್ಯವಾಗಿ 7,000 ಗಜ ದಾಟುತ್ತದೆ, ಪಾರ್ (ಮುಗಿಸಲು ನಿಗದಿಯಾದ ಹೊಡೆತಗಳು) 71 ಅಥವಾ 72. ತೊಂದರೆಯೆಂದರೆ ಈ ಲೆಕ್ಕ ನಿಂತಲ್ಲಿ ನಿಲ್ಲುವುದಿಲ್ಲ. 1980ರಲ್ಲಿ ಅಮೆರಿಕದ ಪಿಜಿಎ ಟೂರ್ ಆಟಗಾರರ ಡ್ರೈವ್ (ಮೊದಲ ದೂರದ ಹೊಡೆತ) ಸರಾಸರಿ 257 ಗಜದಷ್ಟಿತ್ತು. ಈಗ 300ರ ಹತ್ತಿರ ಬಂದಿದೆ. ಅಂದು ಚೆಂಡನ್ನು ನುಂಗಲೆಂದು ತೋಡಿದ ಮರಳಿನ ಬಂಕರ್‌ಗಳ ಮೇಲೆ ಇಂದು ಚೆಂಡು ಹಾಯಾಗಿ ಹಾರಿಹೋಗುತ್ತದೆ. ಬೆಂಗಳೂರಿನಲ್ಲಿ ಇದರ ಮೇಲೊಂದು ತೆರಿಗೆಯೂ ಇದೆ: ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಚೆಂಡು ಶೇ 3ರಷ್ಟು ಹೆಚ್ಚು ದೂರ ಹೋಗುತ್ತದೆ. ಎಂದರೆ ಇಲ್ಲಿಯ 7,000 ಗಜ ಚೆನ್ನೈ ಕಡಲತೀರದ 6,800 ಗಜಕ್ಕೆ ಸಮ.

ಉದ್ದ ಹೆಚ್ಚಿಸಿದರಾಯಿತಲ್ಲ? ಅಮೆರಿಕದ ಅಗಸ್ಟಾ ನ್ಯಾಷನಲ್ ಮಾಡಿದ್ದು ಅದನ್ನೇ. ತನ್ನ ಹೆಸರಾಂತ 13ನೇ ಹೋಲ್‌ನ ಟೀ (ಆಟ ಶುರುವಾಗುವ ಜಾಗ) ಹಿಂದಕ್ಕೆ ಸರಿಸಲು ಪಕ್ಕದ ಕ್ಲಬ್ಬಿನ ಜಮೀನನ್ನೇ ಕೊಂಡುಕೊಂಡಿತು. 2023ರಲ್ಲಿ 510 ಗಜದ ಹೋಲ್ 545 ಗಜವಾಯಿತು. ಚಲ್ಲಘಟ್ಟದಲ್ಲಿ ಪಕ್ಕದ ಜಮೀನು ಎಂದರೆ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ. ಟೀ ಸರಿಸಲು ಜಾಗವೆಲ್ಲಿದೆ!

ಹಾಗಾಗಿ ಇಂಥ ಕಡೆ ಪರೀಕ್ಷೆಯ ಭಾರವೆಲ್ಲ ಕುಳಿಯಿರುವ ಗ್ರೀನ್ ಮೇಲೆ ಬೀಳುತ್ತದೆ. ನೋಡಲು ಬರೀ ಹುಲ್ಲಿನ ಹಾಸು. ಒಳಗೆ ಅದೊಂದು ಕಟ್ಟಡ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಕ್ರಮದಂತೆ ತಳದಲ್ಲಿ ಬಸಿಗೊಳವೆ, ಅದರ ಮೇಲೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳು ಮಿಶ್ರಣ, ಕೊನೆಗೆ ಹುಲ್ಲು. ನಮ್ಮಂಥ ಬಿಸಿಲ ನಾಡಿನಲ್ಲಿ ಬರ್ಮುಡಾ ಜಾತಿಯ ಗಿಡ್ಡ ತಳಿಗಳೇ ಹೆಚ್ಚು. ಅವನ್ನು ಮೂರ್ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿ, ರೋಲರ್ ಹೊಡೆದು, ಚೆಂಡು ಎಷ್ಟು ದೂರ ಉರುಳುತ್ತದೆಂದು ಸ್ಟಿಂಪ್‌ಮೀಟರ್‌ನಲ್ಲಿ ಅಳೆಯುತ್ತಾರೆ. ದಿನನಿತ್ಯದ ಆಟಕ್ಕೆ 8–9 ಅಡಿ ಸಾಕು, ವೃತ್ತಿಪರರಿಗೆ 11–12 ಅಡಿ ಬೇಕು. ವೇಗ ಹೆಚ್ಚಿದಂತೆ ಇಳಿಜಾರು ಕಡಿಮೆಯಾಗಲೇಬೇಕು, ಇಲ್ಲವಾದರೆ ಚೆಂಡು ನಿಲ್ಲುವುದೇ ಇಲ್ಲ. ಪಂದ್ಯ ನಾಲ್ಕು ದಿನದ್ದು; ಪ್ರತಿದಿನ ಕುಳಿಯ ಜಾಗ ಬದಲಾಗಬೇಕು. ಕೇವಲ 108 ಮಿಲಿಮೀಟರ್ ಅಗಲದ ಕುಳಿಗೆ ನ್ಯಾಯವಾದ ನಾಲ್ಕೈದು ಸಮತಟ್ಟು ಮೂಲೆಗಳು ಪ್ರತಿ ಗ್ರೀನ್‌ನಲ್ಲೂ ಇರುವಂತೆ ನಕ್ಷೆಯಲ್ಲೇ ಯೋಚಿಸಿರಬೇಕು.

ಕುಳಿ ಬಲಮೂಲೆಯಲ್ಲಿದ್ದರೆ ಫೇರ್‌ವೇಯ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿಯ) ಎಡಬದಿಯಿಂದಷ್ಟೇ ಸುಲಭ ದಾರಿ, ಆ ಎಡಬದಿಯಲ್ಲೇ ಬಂಕರ್. ಒಳ್ಳೆಯ ವಿನ್ಯಾಸದ ಗುಟ್ಟು ಇಷ್ಟೇ.

2012ರ ಅಕ್ಟೋಬರ್‌ನಲ್ಲಿ ಇಂಡಿಯನ್ ಓಪನ್ ಕೆಜಿಎಗೆ ಬಂದಾಗ, ಉದ್ದಕ್ಕಿಂತ ನಿಖರತೆಗೆ ಬೆಲೆಯೆಂಬುದು ಕಣ್ಣಿಗೆ ಕಂಡಿತು. ಗೆದ್ದವರು 45 ವರ್ಷದ ಥಾಯ್ಲೆಂಡ್ ಆಟಗಾರ ಥಾವರ್ನ್ ವಿರಟ್‌ಚಂತ್. ಸ್ಕಾಟ್ಲೆಂಡಿನ ರಿಚಿ ರಾಮ್ಸೆ ಪ್ಲೇಆಫ್‌ನಲ್ಲಿ ಸೋತರು. ಥಾವರ್ನ್ ತೋಳ್ಬಲದಿಂದ ಹೆಸರು ಮಾಡಿದವರಲ್ಲ. ಇದೇ ಕೆಜಿಎಯಲ್ಲಿ ಆಟ ಕಲಿತ ಅದಿತಿ ಅಶೋಕ್ ಕೂಡ ಅಂಥವರೇ: ದೂರ ಹೊಡೆಯುವುದರಲ್ಲಿ ಹಿಂದಿದ್ದೂ ಪಟ್ಟಿಂಗ್ (ಗ್ರೀನ್ ಮೇಲೆ ಚೆಂಡು ಉರುಳಿಸುವ) ಬಲದಿಂದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು; ಒಂದೇ ಹೊಡೆತದಲ್ಲಿ ಪದಕದ ಅವಕಾಶ ತಪ್ಪಿತು.

ಕೆರೆಯಂಗಳದ ಕೋರ್ಸ್‌ಗೆ ನೀರು ಎರಡು ಬಗೆಯಲ್ಲಿ ಕಾಡುತ್ತದೆ. ಮಳೆಗಾಲದಲ್ಲಿ ಸುತ್ತಲಿನ ಏರುಪ್ರದೇಶದ ನೀರು ತಗ್ಗಿಗೆ ನುಗ್ಗುತ್ತದೆ. ಅದನ್ನು ಹೊಂಡಗಳಲ್ಲಿ ತಡೆದು, ಬೆಳ್ಳಂದೂರಿನತ್ತ ಹರಿಯುವ ಕಾಲುವೆಗೆ ನಿಧಾನವಾಗಿ ಬಿಡಬೇಕು. ಆಟಗಾರ ಚೆಂಡು ಕಳೆದುಕೊಂಡು ಶಪಿಸುವ ಕೊಳ ಎಷ್ಟೋ ಸಲ ಪ್ರವಾಹ ತಡೆಯುವ ಕೊಳವೂ ಆಗಿರುತ್ತದೆ. ಬೇಸಿಗೆಯಲ್ಲಿ ಕಥೆ ತಿರುವುಮುರುವು. ಕುಡಿಯಲು ಟ್ಯಾಂಕರ್ ಕಾಯುವ ಊರಿನಲ್ಲಿ ಹುಲ್ಲಿಗೆ ಕಾವೇರಿ ನೀರು ಸುರಿಯುವುದನ್ನು ಯಾರೂ ಸಮರ್ಥಿಸಲಾರರು. ಸಂಸ್ಕರಿಸಿದ ಕೊಳಚೆ ನೀರೇ ದಾರಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಅಂಥ ನೀರು 2018ರಿಂದ ಕೋಲಾರದ ಕೆರೆಗಳನ್ನೂ ತುಂಬಿಸುತ್ತಿದೆ.

ಇನ್ನು ಪ್ರೇಕ್ಷಕರು. ಫ್ಲಾರಿಡಾದ ಟಿಪಿಸಿ ಸಾಗ್ರಾಸ್ ಕೋರ್ಸ್ ಕಟ್ಟುವಾಗ ವಿನ್ಯಾಸಕಾರ ಪೀಟ್ ಡೈ ಜೌಗಿನ ಮಣ್ಣನ್ನು ದಿಬ್ಬಗಳಾಗಿ ಪೇರಿಸಿ ಸಾವಿರಾರು ಜನ ಕೂರುವಂತೆ ಮಾಡಿದರು. 1980ರಲ್ಲಿ ತೆರೆದ ಆ ಕೋರ್ಸ್‌ನ ಪ್ರಸಿದ್ಧ ದ್ವೀಪ ಗ್ರೀನ್ ಹುಟ್ಟಿದ್ದು, ಸುತ್ತಲಿನ ಮರಳನ್ನೆಲ್ಲ ಬಗೆದು ಸಾಗಿಸಿದ ಮೇಲೆ ಉಳಿದ ಹಳ್ಳಕ್ಕೆ ಪತ್ನಿ ಆಲಿಸ್ ಡೈ ಕೊಟ್ಟ ಸಲಹೆಯಿಂದ. ನಗರದ ನಡುವಿನ ಅಂಗಳಕ್ಕೆ ಅಷ್ಟು ಧಾರಾಳ ಇಲ್ಲ. ಟಿವಿ ವಾಹನ, ಗ್ಯಾಲರಿ, ಪಾರ್ಕಿಂಗ್ ಎಲ್ಲವನ್ನೂ ಅಭ್ಯಾಸದ ಮೈದಾನದ ಅಂಚಿನಲ್ಲೇ ಹೊಂದಿಸಬೇಕು.

ದೆಹಲಿ ಗಾಲ್ಫ್ ಕ್ಲಬ್ಬಿನದೂ ಇಕ್ಕಟ್ಟಿನ ಕೋರ್ಸೇ, ಫೇರ್‌ವೇಯ ಇಕ್ಕೆಲದಲ್ಲೂ ಪೊದೆ. ಹಾಗಿದ್ದರೂ 2025ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಡಿಪಿ ವರ್ಲ್ಡ್ ಇಂಡಿಯಾ ಚಾಂಪಿಯನ್‌ಷಿಪ್‌ಗೆ ರೋರಿ ಮೆಕಿಲ್ರಾಯ್‌ರಂಥವರೇ ಬಂದರು, ಟಾಮಿ ಫ್ಲೀಟ್‌ವುಡ್ ಗೆದ್ದರು. ಜಾಗವಿಲ್ಲದ ಬೆಂಗಳೂರು ನೋಡಿ ಕಲಿಯಬೇಕಾದ್ದು ಅಗಸ್ಟಾವನ್ನಲ್ಲ, ದೆಹಲಿಯನ್ನು.